ಷಡ್ಡಕರ ನಡುವೆ ಒಂದು ಬೆಡ್‌ಶೀಟ್

ನಮ್ಮ ಲಾಂಡ್ರಿಯಲ್ಲಿ ಜಗಳವೇ ಇರಲಿಲ್ಲ. ಹಂಗಾಮಿ ಸಾರ್ ಅವರ ದುರದೃಷ್ಟ ಶುರುವಾದದ್ದೇ ಅಲ್ಲಿಂದ.

ಬೇರೆ ಕಡೆ ಮೇಲ್ವಿಚಾರಕರಾದವರು ಬೆಳಿಗ್ಗೆ ಎದ್ದು, ಇವತ್ತು ಯಾರೂ ಕಿತ್ತಾಡದಿದ್ದರೆ ಸಾಕಪ್ಪಾ ಎಂದು ಕೈಮುಗಿದು ಕೆಲಸಕ್ಕೆ ಹೊರಡುತ್ತಾರೆ. ಇವರು ಮಾತ್ರ ಒಂದೇ ಒಂದು ಜಗಳ, ಚಿಕ್ಕದಾದರೂ ಪರವಾಗಿಲ್ಲ, ಸಿಕ್ಕರೆ ಬದುಕಿಕೊಂಡೆ ಎಂದು ಮೂಲೆ ಮೂಲೆ ತಡಕುತ್ತಿದ್ದರು. ನಾನು ಕಣ್ಣಾರೆ ನೋಡಿದವಳು. ದೊಡ್ಡ ಒಗೆಯುವ ಯಂತ್ರಗಳ ಪಕ್ಕ ನಿಲ್ಲುವ ಕೆಲಸ ನನ್ನದು. ಹೋಟೆಲುಗಳಿಂದ, ನರ್ಸಿಂಗ್ ಹೋಮಿನಿಂದ ಬಂದ ಬೆಡ್‌ಶೀಟುಗಳನ್ನು ತುಂಬಿಸುವುದು, ತೆಗೆಯುವುದು, ನಡುವೆ ಯಂತ್ರ ಗುಡುಗುಡು ಎನ್ನುವಾಗ ಸುಮ್ಮನೆ ನಿಂತು ಲೋಕವನ್ನು ನೋಡುವುದು. ಚಾಡಿ ಹೇಳುವ ಅಭ್ಯಾಸ ನನಗಿಲ್ಲ. ಇದ್ದದ್ದನ್ನು ಬಿಡದೆ ಹೇಳುತ್ತೇನೆ, ಅಷ್ಟೇ.

ಹಳೆಯ ಮೇಲ್ವಿಚಾರಕರು ಮಂಡಿನೋವೆಂದು ಮನೆಯಲ್ಲಿ ಕೂತ ಮೇಲೆ, ಮುಂದಿನ ಕೌಂಟರಿನಲ್ಲಿ ಕೊಳೆ ಬಟ್ಟೆಯ ಗಂಟು ಇಸಿದುಕೊಳ್ಳುತ್ತಿದ್ದ ಇವರನ್ನು ಯಜಮಾನಿಯವರು ಆ ಕುರ್ಚಿಗೆ ಹಂಗಾಮಿಯಾಗಿ ಕೂರಿಸಿದರು. ಕುರ್ಚಿ ಬಂತು, ಫ್ಯಾನು ಬಂತು, ಕಿಟಕಿಯಿರುವ ಕೋಣೆ ಬಂತು. ಹಂಗಾಮಿ ಅನ್ನುವುದು ಮಾತ್ರ ಹೋಗಲಿಲ್ಲ. ಕೊನೆಗೆ ಅದೇ ಅವರ ಹೆಸರಾಯಿತು.

ಅವರ ಮನೆ ನಮ್ಮ ಮನೆಯ ಎದುರಿಗೇ. ಅವರ ಹೆಂಡತಿ, ತನ್ನ ಗಂಡ ಕಾಯಂ ಆಗಿಯೇಬಿಟ್ಟರು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದನ್ನು ನಂಬದವನು ಒಬ್ಬನೇ, ಆಕೆಯ ತಮ್ಮ. ಚೀಲ ಹೊಲಿಯುವ ಅಂಗಡಿಯವನು. ಸಂಜೆ ಸಂಜೆ ಬಂದು ಜಗಲಿಯ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ ಹೇಳುವನು: "ಭಾವ, ಮತ್ತೆ ಕೌಂಟರಿಗೆ ತಳ್ಳಿದ್ರೆ ಬೇಜಾರು ಮಾಡ್ಕೋಬೇಡಿ. ನನ್ನ ಅಂಗಡೀಲಿ ಚೀಲಕ್ಕೆ ಹಿಡಿ ಹೊಲಿಯೋಕೆ ಜನ ಬೇಕು. ಮನೆಯವರು ಅಂತ ಕೂತ್ಕೊಳ್ಳೋಕೆ ಸ್ಟೂಲು ಕೊಡ್ತೀನಿ."

ಆ ಸ್ಟೂಲನ್ನು ನೆನೆಸಿಕೊಂಡರೆ ಹಂಗಾಮಿ ಸಾರ್‌ಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಯಜಮಾನಿಯವರು ಅವರನ್ನು ಒಂದು ತರಬೇತಿಗೆ ಕಳಿಸಿದರು. ಕೆಲಸದ ಜಾಗದಲ್ಲಿ ಜಗಳಗಳನ್ನು ನಾಯಕನಾದವನು ಹೇಗೆ ನಿಭಾಯಿಸಬೇಕು ಎಂಬುದು ವಿಷಯ. ಬೆಳಿಗ್ಗೆ ಹೋದವರು ಸಂಜೆ ಕತ್ತಿಗೆ ಬಿಲ್ಲೆ ನೇತುಹಾಕಿಕೊಂಡು, ಬೇರೆಯೇ ಮನುಷ್ಯರಾಗಿ ಬಂದರು. ನಡಿಗೆ ನಿಧಾನವಾಗಿತ್ತು. ದನಿ ಮೆತ್ತಗಾಗಿತ್ತು. ಯಾರು ಏನು ಹೇಳಿದರೂ ತಲೆ ಓರೆ ಮಾಡಿ, "ಅಂದ್ರೆ, ನೀವು ಹೇಳ್ತಿರೋದು..." ಎಂದು ಅದನ್ನೇ ಇನ್ನೊಂದು ಸಲ ಹೇಳುವ ರೋಗ ಹತ್ತಿತ್ತು.

"ಸಾರ್, ಸೋಪಿನ ಪುಡಿ ಮುಗಿದಿದೆ," ಅಂದೆ ನಾನು.

"ಅಂದ್ರೆ, ಸೋಪಿನ ಪುಡಿ ಮುಗಿದಿದೆ ಅಂತ ನಿಮ್ಮ ಮನಸ್ಸಿಗೆ ನೋವಾಗಿದೆ."

"ಮನಸ್ಸಿಗೇನೂ ಆಗಿಲ್ಲ ಸಾರ್. ಬಟ್ಟೆ ಕೊಳೆ ಹೋಗಲ್ಲ."

ಯಜಮಾನಿಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. "ಕಲಿತಿದ್ದು ಸಾಲದು, ಮಾಡಿ ತೋರಿಸಬೇಕು. ನಿಮ್ಮ ವಿಭಾಗದಲ್ಲಿ ಒಂದು ಜಗಳ ಬಗೆಹರಿಸಿ. ತಿಂಗಳ ಕೊನೇಲಿ ನಾನೇ ಬಂದು ನೋಡ್ತೀನಿ. ಆಗಿದ್ರೆ ಕಾಯಂ. ಇಲ್ಲಾಂದ್ರೆ ಕೌಂಟರ್ ಇದ್ದೇ ಇದೆ."

ಆವತ್ತಿನಿಂದ ಶುರುವಾಯಿತು ನೋಡಿ ಹುಡುಕಾಟ. ಇಸ್ತ್ರಿ ಮಾಡುವವರ ಹತ್ತಿರ ಹೋಗಿ, "ಯಾರ ಮೇಲಾದ್ರೂ ಸಿಟ್ಟಿದೆಯಾ? ಸಂಕೋಚ ಬೇಡ," ಎಂದು ಕೇಳಿದರು. ಅವರು ಕರೆಂಟಿನ ಮೇಲಿದೆ ಎಂದರು. ವ್ಯಾನ್ ಡ್ರೈವರನ್ನು ಕೇಳಿದರು. ಅವನಿಗೆ ರಸ್ತೆಯ ಮೇಲಿತ್ತು. ನನ್ನ ಹತ್ತಿರವೂ ಬಂದರು.

"ನಿಮಗೆ?"

"ನಿಮ್ಮ ಮೇಲೇ ಸ್ವಲ್ಪ ಬರ್ತಾ ಇದೆ ಸಾರ್."

"ಅದು ಲೆಕ್ಕಕ್ಕೆ ಬರಲ್ಲ. ಎರಡೂ ಕಡೆಯವರು ಬೇರೆ ಇರಬೇಕು," ಎಂದು ನಿರಾಸೆಯಿಂದ ತಿರುಗಿದರು. ತಿರುಗಿದಾಗ ಕಣ್ಣಿಗೆ ಬಿದ್ದದ್ದು ಮಡಿಸುವ ಮೇಜಿನ ಬಳಿ ನಿಂತಿದ್ದ ಇಬ್ಬರು. ಕಳೆದುಹೋದ ಉಂಗುರ ಸಿಕ್ಕಿದವರ ಹಾಗೆ ಅವರ ಮುಖ ಅರಳಿತು.

ಆ ಇಬ್ಬರ ವಿಷಯ ಹೇಳಲೇಬೇಕು. ಒಬ್ಬ ಉದ್ದಣ್ಣ, ಇನ್ನೊಬ್ಬ ಗುಂಡಣ್ಣ. ನೋಡಿದವರಿಗೆ ಯಾರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರೂ ಷಡ್ಡಕರು. ಉದ್ದಣ್ಣನ ಹೆಂಡತಿ ಅಕ್ಕ, ಗುಂಡಣ್ಣನ ಹೆಂಡತಿ ತಂಗಿ. ಅಕ್ಕಪಕ್ಕದ ಮನೆಯಲ್ಲಿ ವಾಸ. ಒಂದೇ ಮೇಜಿನಲ್ಲಿ ಕೆಲಸ. ನಾನು ಸೇರಿದಾಗಿನಿಂದ ಇಬ್ಬರೂ ಪರಸ್ಪರ ಒಂದು ಮಾತಾಡಿದ್ದನ್ನು ನಾನು ಕೇಳಿಲ್ಲ.

ಆದರೆ ಅವರು ಬೆಡ್‌ಶೀಟ್ ಮಡಿಸುವುದನ್ನು ನೋಡಬೇಕು! ಡಬಲ್ ಕಾಟಿನ ಶೀಟು ಒಬ್ಬರ ಕೈಗೆ ಬಗ್ಗುವುದಿಲ್ಲ. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು, ಒಮ್ಮೆ ಪಟ್ಟೆಂದು ಜಗ್ಗಬೇಕು, ಅಗಲಕ್ಕೆ ಮಡಿಸಿ ಮತ್ತೆ ಮಡಿಸಬೇಕು, ಆಮೇಲೆ ಇಬ್ಬರೂ ನಡೆದು ಬಂದು ನಡುವೆ ಸೇರಿ ಮೂಲೆಗೆ ಮೂಲೆ ಕೂಡಿಸಬೇಕು. ಇವರು ಅದನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಏನಾದರೂ ಹೇಳಲೇಬೇಕಾಗಿ ಬಂದರೆ ಗೋಡೆಗೆ ಹೇಳುವರು. "ಈ ಶೀಟಲ್ಲಿ ಕಾಫಿ ಕಲೆ ಉಳಿದಿದೆ ಅಂತ ಯಾರಿಗಾದ್ರೂ ಗೊತ್ತಾದ್ರೆ ಒಳ್ಳೇದಿತ್ತು," ಎಂದು ಉದ್ದಣ್ಣ ಕಿಟಕಿಗೆ ಹೇಳಿದರೆ, "ಕಣ್ಣಿದ್ದವರಿಗೆ ಆಗಲೇ ಗೊತ್ತಾಗಿದೆ," ಎಂದು ಗುಂಡಣ್ಣ ಫ್ಯಾನಿಗೆ ಉತ್ತರ ಕೊಡುವನು. ಕೆಲಸ ನೀರು ಕುಡಿದಷ್ಟು ಸುಲಭವಾಗಿ ಸಾಗುತ್ತಿತ್ತು.

"ನೋಡಿದ್ರಾ?" ಎಂದು ಹಂಗಾಮಿ ಸಾರ್ ನನ್ನ ಕಿವಿಯಲ್ಲಿ ಉಸುರಿದರು. "ಎಂಥಾ ಜಗಳ!"

"ಸಾರ್, ಅವರು ಮಾತೇ ಆಡಲ್ವಲ್ಲ."

"ಅದೇ! ಮಾತಿಲ್ಲದ ಜಗಳ ಎಲ್ಲಕ್ಕಿಂತ ದೊಡ್ಡದು ಅಂತ ತರಬೇತೀಲಿ ಹೇಳಿದ್ದಾರೆ. ಚಾಪೆ ಕೆಳಗೆ ಬಚ್ಚಿಟ್ಟಿದ್ದನ್ನ ನಾಯಕನಾದವನು ಹೊರಗೆ ಎಳೀಬೇಕು."

"ಚಾಪೆ ಅಲ್ಲೇ ಇರಲಿ ಬಿಡಿ ಸಾರ್," ಎಂದು ನಾನು ಬೇಡಿಕೊಂಡೆ. ಅವರು ತಲೆ ಓರೆ ಮಾಡಿದರು. ನಾನು ಹೇಳಿದ್ದನ್ನೇ ಇನ್ನೊಮ್ಮೆ ಕೇಳುವ ಶಕ್ತಿ ಇಲ್ಲದೆ ಯಂತ್ರದ ಕಡೆ ಹೋದೆ.

ಕೋಣೆಯಲ್ಲಿ ಮೂರು ಕುರ್ಚಿ ಹಾಕಿಸಿದರು. ನೀರಿನ ಲೋಟ ಇಡಿಸಿದರು. ಬಾಗಿಲು ತೆರೆದೇ ಇತ್ತು. ನಾಯಕನ ಬಾಗಿಲು ಯಾವಾಗಲೂ ತೆರೆದಿರಬೇಕಂತೆ. ಹಾಗಾಗಿ ನಾವೆಲ್ಲ ಕೆಲಸ ಬಿಟ್ಟು ಹೊರಗೆ ನಿಂತು ಸಲೀಸಾಗಿ ಕೇಳಿಸಿಕೊಂಡೆವು.

"ಮನಸ್ಸಲ್ಲಿ ಏನಿದೆ, ಬಿಚ್ಚಿ ಹೇಳಿ," ಎಂದರು ಹಂಗಾಮಿ ಸಾರ್.

ಉದ್ದಣ್ಣ ಗಡಿಯಾರ ನೋಡಿದ. "ಊಟದ ಹೊತ್ತಾಯ್ತು."

"ಅಂದ್ರೆ, ನಿಮ್ಮ ಹಸಿವನ್ನ ನಿಮ್ಮ ಜೊತೆಗಾರರು ಗಮನಿಸ್ತಿಲ್ಲ ಅಂತ ನಿಮಗೆ ಬೇಸರ."

ಗುಂಡಣ್ಣ ಕುರ್ಚಿಯಲ್ಲೇ ನೆಗೆದ. "ನಾನ್ಯಾಕೆ ಗಮನಿಸಲಿ? ನಾನೇನು ಅವನ ಹೆಂಡ್ತೀನಾ?"

"ಸಾರ್, ಹಿರಿಯರನ್ನ 'ಅವನು' ಅನ್ನೋದು ಯಾವ ಊರಿನ ಮರ್ಯಾದೆ ಕೇಳಿ," ಎಂದ ಉದ್ದಣ್ಣ.

"ಹಿರಿಯ ಯಾರು? ಆ ಮನೆಗೆ ಮೊದಲು ಅಳಿಯ ಆಗಿ ಹೋಗಿದ್ದು ಯಾರು ಅಂತ ಕೇಳಿ ಸಾರ್!"

"ದೊಡ್ಡ ಮಗಳನ್ನ ಮದುವೆ ಆಗಿದ್ದು ಯಾರು ಅಂತ ಕೇಳಿ ಸಾರ್!"

ಆಗ ಬಯಲಾಯಿತು ಒಳಗುಟ್ಟು. ತಂಗಿಯ ಮದುವೆ ಮೊದಲಾಯಿತು, ಅಕ್ಕನದು ಆಮೇಲೆ. ಗುಂಡಣ್ಣನ ಲೆಕ್ಕದಲ್ಲಿ, ಮೊದಲು ಬಂದವನಾದ್ದರಿಂದ ಅವನೇ ಹಿರಿಯ ಅಳಿಯ. ಉದ್ದಣ್ಣನ ಲೆಕ್ಕದಲ್ಲಿ, ದೊಡ್ಡ ಮಗಳ ಗಂಡನಾದ್ದರಿಂದ ಅವನೇ ಹಿರಿಯ. ಕಿರಿಯನಾದವನು ತಾನಾಗಿ ಮೊದಲು ಮಾತಾಡಿಸಬೇಕು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಂದೇ ಅಭಿಪ್ರಾಯ. ಹಾಗಾಗಿ ಇಬ್ಬರೂ ಇಷ್ಟು ವರ್ಷ ಬಾಯಿ ಬಿಗಿಹಿಡಿದು ಇನ್ನೊಬ್ಬನ ಮಾತಿಗಾಗಿ ಕಾಯುತ್ತಿದ್ದರು. ಇಬ್ಬರಿಗೂ ವಯಸ್ಸು ಒಂದೇ ಆದದ್ದರಿಂದ ಆ ದಾರಿಯೂ ಮುಚ್ಚಿತ್ತು.

ಯಾರಾದರೂ ಬುದ್ಧಿಯಿದ್ದವರು ಅಲ್ಲಿಗೇ ಎದ್ದು ಊಟಕ್ಕೆ ಕಳಿಸಿಬಿಡುತ್ತಿದ್ದರು. ನಮ್ಮವರು ಕಣ್ಣು ಮುಚ್ಚಿ ಯೋಚಿಸಿದರು. ಕಣ್ಣು ತೆರೆದಾಗ ತೀರ್ಪು ಸಿದ್ಧವಾಗಿತ್ತು. "ನಡುವಿನ ದಾರಿ ಹಿಡಿಯೋಣ. ಒಂದು ದಿನ ಇವರು ಹಿರಿಯರು. ಮರುದಿನ ಅವರು. ಆವತ್ತು ಯಾರು ಕಿರಿಯರೋ ಅವರು ಮೊದಲು ಮಾತಾಡಿಸಬೇಕು."

ಇಬ್ಬರೂ ಒಪ್ಪಿಕೊಂಡರು. ಒಬ್ಬೊಬ್ಬನೂ ತನ್ನ ಹಿರಿತನದ ದಿನವನ್ನಷ್ಟೇ ನೆನೆದು ಒಪ್ಪಿದ್ದು ಅಂತ ನನ್ನ ಅನುಮಾನ. ಹಂಗಾಮಿ ಸಾರ್ ಆ ಕೂಡಲೇ ಯಜಮಾನಿಗೆ ಫೋನ್ ಮಾಡಿ, ಬಹು ದಿನಗಳ ಹಗೆತನವೊಂದು ನನ್ನ ಕೈಯಲ್ಲಿ ಕರಗುತ್ತಿದೆ ಎಂದು ಹೇಳಿದರು. ಅವರ ಹೆಂಡತಿ ಆ ಸಂಜೆ ಬೀದಿಗೆಲ್ಲ ಸಿಹಿ ಹಂಚಿದಳು. ಭಾವಮೈದನೂ ಒಂದು ತಿಂದ. ಸ್ಟೂಲಿನ ವಿಷಯ ಎತ್ತಲಿಲ್ಲ.

ಮರುದಿನ ಉದ್ದಣ್ಣ ಹಿರಿಯ. ಗುಂಡಣ್ಣ ಹಲ್ಲು ಕಚ್ಚಿಕೊಂಡು, "ಬಂದ್ಯಾ ಅಣ್ಣಾ?" ಎಂದ. ಉದ್ದಣ್ಣ ರಾಜನ ಹಾಗೆ ತಲೆಯಾಡಿಸಿದ. ಹಂಗಾಮಿ ಸಾರ್ ಕಿಟಕಿಯಲ್ಲಿ ಕಣ್ಣೊರೆಸಿಕೊಂಡರು.

ಆಮೇಲೆ ಶೀಟು ಕೈಗೆತ್ತಿಕೊಂಡರು. ಜಗ್ಗಿದರು, ಮಡಿಸಿದರು. ಇನ್ನೇನು ಇಬ್ಬರೂ ನಡೆದು ನಡುವೆ ಸೇರಬೇಕು, ಉದ್ದಣ್ಣ ನಿಂತೇ ಇದ್ದ.

"ಬರಲ್ವಾ?" ಎಂದ ಗುಂಡಣ್ಣ.

"ಹಿರಿಯರು ನಿಂತಿರ್ತಾರೆ. ಕಿರಿಯರು ಹತ್ತಿರ ಬರ್ತಾರೆ. ಅಷ್ಟೂ ತಿಳೀದಾ?"

ಗುಂಡಣ್ಣ ನಡೆದ. ಇಡೀ ದಿನ ಪೂರ್ತಿ ದೂರ ಅವನೊಬ್ಬನೇ ನಡೆದ. ಮರುದಿನ ಅವನ ಸರದಿ ಬಂತು. ಉದ್ದಣ್ಣನನ್ನು ನಡೆಸಿದ್ದು ಮಾತ್ರವಲ್ಲ, "ಬಗ್ಗಿ ಕೊಡು, ನನಗೆ ಎಟುಕಲ್ಲ," ಎಂದು ಬಗ್ಗಿಸಿಯೂ ಬಗ್ಗಿಸಿದ. ಮೂಲೆಗಳು ತಪ್ಪಿದವು. ಶೀಟುಗಳು ಬಾಲ ಬಿಟ್ಟುಕೊಂಡು ಮೇಜಿನ ಮೇಲೆ ಬಿದ್ದವು. ಇಷ್ಟು ವರ್ಷ ಒಳಗೆ ಕೂಡಿಟ್ಟಿದ್ದ ಮಾತೆಲ್ಲ ಹೊರಗೆ ಬಂತು. ಯಾರ ಮದುವೆಯಲ್ಲಿ ಯಾರಿಗೆ ಮುರಿದ ಕುರ್ಚಿ ಹಾಕಿದ್ದು, ಮಾವನ ಕೈಗಡಿಯಾರ ಯಾರ ಕೈ ಸೇರಿದ್ದು, ಎಲ್ಲ. ನನ್ನ ಯಂತ್ರ ಒಗೆದು ಒಗೆದು ಎಸೆಯುತ್ತಿತ್ತು. ಮಡಿಸದ ಶೀಟಿನ ರಾಶಿ ಕಿಟಕಿಯ ಮಟ್ಟಕ್ಕೆ ಬಂತು.

ನಡುವೆ ಒಂದು ರಜೆ ಬಂದದ್ದು ದೊಡ್ಡ ತಾಪತ್ರಯವಾಯಿತು. ರಜೆಯ ದಿನ ಹಿರಿಯನಾಗಬೇಕಿದ್ದವನು ಗುಂಡಣ್ಣ. ಮರುದಿನ ಅವನು ಬಂದವನೇ ಹಂಗಾಮಿ ಸಾರ್ ಎದುರು ನಿಂತ. "ಸಾರ್, ನಿನ್ನೆಯ ಹಿರಿತನ ನನಗೆ ವಾಪಸ್ ಬೇಕು. ಮನೆಯಲ್ಲಿ ಯಾರೂ ನಡೆಸಿಕೊಡಲಿಲ್ಲ. ಊಟಕ್ಕೆ ಅತ್ತೆ ಮನೆಗೆ ಹೋಗಿದ್ವಿ. ಕೈ ಇರೋ ಕುರ್ಚೀಲಿ ಇವನೇ ಹೋಗಿ ಕೂತ."

"ಲಾಂಡ್ರಿ ಹಿರಿತನ ಲಾಂಡ್ರಿಗೆ. ಮನೆಗೆ ಯಾಕೆ ತರ್ತಾನೆ ಕೇಳಿ ಸಾರ್," ಎಂದ ಉದ್ದಣ್ಣ.

"ಅಂದ್ರೆ, ನೀವು ಹೇಳ್ತಿರೋದು..." ಎಂದು ಶುರು ಮಾಡಿದ ಹಂಗಾಮಿ ಸಾರ್ ಗೋಡೆಯ ಕ್ಯಾಲೆಂಡರಿನ ಕಡೆ ನಡೆದರು.

ಆ ಕುರ್ಚಿಯ ದೆಸೆಯಿಂದ ವಿಷಯ ಅಕ್ಕತಂಗಿಯರ ಕಿವಿಗೆ ಬಿದ್ದಿತ್ತು. ಯಜಮಾನಿಯವರು ಬರುತ್ತೇನೆಂದ ದಿನವೇ, ಹೋಟೆಲಿನ ವ್ಯಾನು ಹೊರಗೆ ಹಾರ್ನ್ ಹೊಡೆಯುತ್ತಿರುವಾಗಲೇ ಇಬ್ಬರೂ ಲಾಂಡ್ರಿಗೆ ನುಗ್ಗಿದರು. ಹೋಟೆಲಿಗೆ ಆ ಸಂಜೆ ಯಾವುದೋ ದೊಡ್ಡ ದಿಬ್ಬಣ ಇಳಿಯುವುದಿತ್ತು. ಅಲ್ಲಿನ ಮ್ಯಾನೇಜರು ಫೋನಿನಲ್ಲಿ ಹೆಚ್ಚುಕಡಿಮೆ ಅಳುತ್ತಿದ್ದರು.

"ನನ್ನ ಗಂಡನ್ನ ದಿನ ಬಿಟ್ಟು ದಿನ ಕಿರಿಯ ಮಾಡೋಕೆ ನೀವ್ಯಾರ್ರೀ?" ಎಂದಳು ಅಕ್ಕ.

"ಅಯ್ಯೋ, ನನ್ನ ಗಂಡನ್ನ ದಿನ ಬಿಟ್ಟು ದಿನ ಹಿರಿಯ ಮಾಡಿದ್ದೇ ಇವಳಿಗೆ ಉರಿ!" ಎಂದಳು ತಂಗಿ.

"ನೋಡಿದ್ರಾ? ಹೋದ ವಾರದ ತನಕ ಒಂದೇ ತಟ್ಟೇಲಿ ತಿಂತಿದ್ದವಳು ಇವಳು. ಇವರಿಬ್ಬರೂ ಮಾತಾಡದೆ ಇದ್ದದ್ದಕ್ಕೇ ನಾವು ಇಷ್ಟು ವರ್ಷ ಅಕ್ಕತಂಗಿ ಆಗಿದ್ವಿ. ನೆಮ್ಮದಿಯಾಗಿದ್ದ ಮನೆಗೆ ಕೊಳ್ಳಿ ಇಟ್ರಲ್ರೀ!"

ಹಂಗಾಮಿ ಸಾರ್ ಎದೆಯ ಮೇಲೆ ಕೈಯಿಟ್ಟುಕೊಂಡು, "ನನಗೆ ಹೇಗೆ ಅನ್ನಿಸ್ತಿದೆ ಅಂದ್ರೆ..." ಎಂದರು. ತಪ್ಪು ನಿಮ್ಮದು ಎಂದು ಎದುರಿನವರ ಕಡೆ ಬೆರಳು ತೋರಿಸಬಾರದು, ತನಗೆ ಹೇಗನ್ನಿಸುತ್ತದೆ ಎಂದಷ್ಟೇ ಹೇಳಬೇಕು ಎಂಬುದು ತರಬೇತಿಯ ಪಾಠವಂತೆ. "ನಿಮಗೆ ಹೇಗಾದ್ರೂ ಅನ್ನಿಸಲಿ!" ಎಂದು ಅಕ್ಕತಂಗಿಯರು ಆವತ್ತು ಮೊದಲ ಸಲ ಒಮ್ಮತದಿಂದ ಕೂಗಿದರು.

ಹಿಂದೆಯೇ ಛತ್ರಿ ಊರಿಕೊಂಡು ಅವರ ತಾಯಿ ಬಂದರು. ಬಾಗಿಲಲ್ಲೇ ನಿಂತು ಶೀಟಿನ ರಾಶಿ ನೋಡಿದರು, ಅಳಿಯಂದಿರನ್ನು ನೋಡಿದರು, ಕೊನೆಗೆ ಹಂಗಾಮಿ ಸಾರ್ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಇಬ್ಬರನ್ನೂ ಅಳಿಯಂದಿರು ಅಂತ ಹೇಳ್ಕೊಳ್ಳೋಕೇ ನಂಗೆ ನಾಚಿಕೆ. ಇದರಲ್ಲಿ ಹಿರಿಯ ಬೇರೆ, ಕಿರಿಯ ಬೇರೆ. ಅಲ್ಲಪ್ಪಾ, ನಿಮ್ಮನೇಲಿ ಯಾರು ಹಿರಿಯರು?"

"ನನ್ನ ಹೆಂಡತಿ," ಎಂದರು ಹಂಗಾಮಿ ಸಾರ್ ಯೋಚಿಸದೆ.

"ಮತ್ತೆ! ಅಲ್ಲಿ ದಿನ ಬಿಟ್ಟು ದಿನ ಮಾಡಿ ನೋಡೋಣ!" ಎಂದವರೇ ಹೆಣ್ಣುಮಕ್ಕಳಿಬ್ಬರ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದರು.

ಅತ್ತೆಯ ಬಾಯಲ್ಲಿ ನಾಚಿಕೆಗೇಡು ಅನ್ನಿಸಿಕೊಂಡ ಷಡ್ಡಕರಿಬ್ಬರೂ ಮುಖ ಊದಿಸಿಕೊಂಡು ಬಾಯಿಗೆ ಬೀಗ ಹಾಕಿದರು. ಆಗ ನಡೆಯಿತು ನೋಡಿ ಸೋಜಿಗ. ಬಾಯಿ ಮುಚ್ಚಿದ್ದೇ ತಡ, ಕೈ ಓಡಿತು. ಜಗ್ಗಿದರು, ಮಡಿಸಿದರು, ನಡುವೆ ಸೇರಿದರು, ಹಿಂದೆ ಸರಿದರು. ರಾಶಿ ಕರಗುತ್ತಾ ಬಂತು. ಹಂಗಾಮಿ ಸಾರ್ ಬಾಯಿ ತೆರೆದುಕೊಂಡು ನೋಡುತ್ತಾ ನಿಂತರು. ಅವರ ಮುಖದಲ್ಲಿ ಅಪರೂಪಕ್ಕೆ ಏನೋ ಹೊಳೆದ ಹಾಗಿತ್ತು.

ಯಜಮಾನಿಯವರು ಒಳಗೆ ಬಂದದ್ದು ಆಗಲೇ.

ಅವರು ಬಹಳ ಹೊತ್ತು ಮಡಿಸುವುದನ್ನು ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಎಲ್ಲಿ ಜಗಳ? ಹಗೆತನ ಅಂದ್ರಿ ಫೋನಲ್ಲಿ?"

"ಇವರದ್ದೇ ಮೇಡಂ."

"ಇವರದ್ದಾ? ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡೋರನ್ನ ನಾನು ಎಲ್ಲೂ ನೋಡಿಲ್ಲ. ಇವರ ಮಧ್ಯೆ ಜಗಳ ಇತ್ತು, ಅದನ್ನ ನೀವು ಬಗೆಹರಿಸಿದ್ರಿ ಅಂತ ನಾನು ನಂಬಬೇಕಾ? ಕಾಯಂ ಆಗೋಕೆ ಇಲ್ಲದ ಜಗಳ ಹುಟ್ಟಿಸ್ತೀರಾ? ನಾಳೆಯಿಂದ ಕೌಂಟರಿಗೆ ಹೋಗಿ."

ಹಂಗಾಮಿ ಸಾರ್ ಮುಖ ಸುಣ್ಣದ ಹಾಗೆ ಬಿಳಿಚಿತು. ಅಷ್ಟು ದಿನ ಅವರನ್ನು ಕಂಡರೆ ನಗುತ್ತಿದ್ದ ನಾನು ಆಗ ಯಂತ್ರ ನಿಲ್ಲಿಸಿ ಮೇಜಿನ ಹತ್ತಿರ ಹೋಗಿ ನಿಂತೆ. ಪಾಪ, ಸಂಜೆ ಮನೆಗೆ ಹೋಗಿ ಹೆಂಡತಿಗೆ ಏನು ಹೇಳುತ್ತಾರೆ? ಅವರು ಷಡ್ಡಕರ ಕಡೆ ತಿರುಗಿದರು. ಕಣ್ಣಲ್ಲೇ ಬೇಡಿಕೊಂಡರು.

ಜಗಳ ಇತ್ತು, ಸಾರ್ ಅದರಲ್ಲಿ ಕೈಹಾಕಿದರು ಎಂದು ಇಬ್ಬರಲ್ಲಿ ಒಬ್ಬ ಬಾಯಿಬಿಟ್ಟರೆ ಸಾಕಿತ್ತು. ಆದರೆ ಮೊದಲು ಬಾಯಿಬಿಟ್ಟವನು ಕಿರಿಯನಾಗುತ್ತಾನಲ್ಲ! ಉದ್ದಣ್ಣ ಸೂರು ನೋಡಿದ. ಗುಂಡಣ್ಣ ಚಪ್ಪಲಿ ನೋಡಿಕೊಂಡ. ಯಜಮಾನಿಯವರು ಹೊರಡಲು ತಿರುಗಿದರು.

"ಮೇಡಂ, ಜಗಳ ಇತ್ತು! ಸಾರ್ ಸುಳ್ಳು ಹೇಳಿಲ್ಲ!"

ಎರಡು ದನಿ. ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಬಂದ ಹಾಗಿತ್ತು. ಆಮೇಲೆ ಉದ್ದಣ್ಣ ಮೆಲ್ಲನೆ ನಕ್ಕ.

"ಮೊದಲು ಮಾತಾಡಿದ್ಯಲ್ಲ? ಈಗ ಗೊತ್ತಾಯ್ತಾ ಯಾರು ಕಿರಿಯ ಅಂತ?"

"ನಾನಾ? ನಿನ್ನ ಬಾಯೇ ಮೊದಲು ತೆರೆದಿದ್ದು! ಎಲ್ಲರೂ ನೋಡಿದ್ದಾರೆ!"

"ನನ್ನದು ಆಕಳಿಕೆ! ಮಾತು ನಿಂದು!"

"ಆಕಳಿಸ್ತಾ ಮೇಡಂ ಅಂತಾರಾ ಯಾರಾದ್ರೂ?"

ಶೀಟು ಕೈಬಿಟ್ಟು ಇಬ್ಬರೂ ಮೂಗಿಗೆ ಮೂಗು ತಾಗಿಸಿ ನಿಂತರು. ಅಂದರೆ ಗುಂಡಣ್ಣನ ಮೂಗು ಉದ್ದಣ್ಣನ ಎದೆಗೆ ತಾಗಿತ್ತು. ಹೊರಗೆ ವ್ಯಾನು ಅರಚುತ್ತಿತ್ತು. ಯಜಮಾನಿಯವರು ಅಲ್ಲೇ ಇದ್ದ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಜಗಳ ಬಂತಲ್ಲ. ನಿಭಾಯಿಸಿ. ನೋಡ್ತೀನಿ."

ಹಂಗಾಮಿ ಸಾರ್ ತಲೆ ಓರೆ ಮಾಡಿದರು. "ಅಂದ್ರೆ..." ಎಂದರು. ಯಾರೂ ಕೇಳಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡರು, ತೆಗೆದರು. ಅತ್ತಿತ್ತ ನೋಡಿದರು. ಥಟ್ಟನೆ ರಾಶಿಯಿಂದ ಒಂದು ಡಬಲ್ ಕಾಟಿನ ಶೀಟು ಹಿಡಿದೆಳೆದು, ಮೀನುಗಾರ ಬಲೆ ಎಸೆಯುವ ಹಾಗೆ, ಇಬ್ಬರ ನಡುವೆ ಬೀಸಿ ಎಸೆದರು.

ಶೀಟು ಗಾಳಿಯಲ್ಲಿ ಬಿಚ್ಚಿಕೊಂಡಿತು. ನೆಲ ಮುಟ್ಟಿದರೆ ಮತ್ತೆ ಒಗೆಯಬೇಕು. ಎಷ್ಟು ವರ್ಷದ ಕೈಗಳು ಅವು, ಬಿಡುತ್ತವೆಯೇ? ನಾಲ್ಕು ಮೂಲೆಗೆ ನಾಲ್ಕು ಕೈ ಹೋಯಿತು. ಜಗ್ಗಿದವು. ಅರ್ಧಕ್ಕೆ ನಿಂತ ಮಾತು ಅರ್ಧಕ್ಕೇ ಉಳಿಯಿತು. ಇಬ್ಬರೂ ಹಿಂದೆ ಸರಿದರು, ಮಡಿಸಿದರು, ನಡುವೆ ಸೇರಿದರು. ಗುಂಡಣ್ಣ ಬಾಯಿ ತೆರೆಯಲು ಹೋದ, ಅಷ್ಟರಲ್ಲಿ ಇನ್ನೊಂದು ಶೀಟು ಹಾರಿ ಬಂತು. ಉದ್ದಣ್ಣ ಗಂಟಲು ಸರಿಮಾಡಿಕೊಂಡ, ಮತ್ತೊಂದು ಬಂತು. ಹಂಗಾಮಿ ಸಾರ್ ಅಂಗಿಯ ತೋಳು ಮಡಚಿ, ಬೆವರು ಸುರಿಸುತ್ತಾ, ರಾಶಿ ಮುಗಿಯುವ ತನಕ ಎಸೆದೇ ಎಸೆದರು. ಅವರನ್ನು ಅಷ್ಟು ಚುರುಕಾಗಿ ನಾನು ಹಿಂದೆಂದೂ ಕಂಡಿರಲಿಲ್ಲ.

ವ್ಯಾನು ತುಂಬಿಕೊಂಡು ಹೋಯಿತು. ಯಜಮಾನಿಯವರು ಬುಟ್ಟಿಯಿಂದ ಎದ್ದರು.

"ಇದನ್ನ ತರಬೇತೀಲಿ ಹೇಳಿಕೊಟ್ರಾ?"

"ಹೌದು ಮೇಡಂ," ಎಂದರು ಹಂಗಾಮಿ ಸಾರ್, ಕಣ್ಣು ಮಿಟುಕಿಸದೆ. ಇವರು ಮೇಲ್ವಿಚಾರಕರಾಗಲು ಲಾಯಕ್ಕು ಅಂತ ನನಗೆ ಖಾತ್ರಿಯಾದದ್ದು ಆ ಸುಳ್ಳು ಕೇಳಿದ ಮೇಲೆ.

"ನಾಳೆಯಿಂದ ನೀವು ಕಾಯಂ," ಎಂದು ಹೇಳಿ ಯಜಮಾನಿಯವರು ಹೊರಟುಹೋದರು.

ಷಡ್ಡಕರು ಈಗ ಮತ್ತೆ ಮಾತಾಡುವುದಿಲ್ಲ. ಇನ್ನೊಬ್ಬ ಬಂದು, ಮೊದಲು ಮಾತಾಡಿದವನು ನಾನೇ ಎಂದು ಒಪ್ಪಿಕೊಳ್ಳಲಿ ಅಂತ ಒಬ್ಬೊಬ್ಬನೂ ಕಾಯುತ್ತಿದ್ದಾನೆ. ಆ ಕಡೆ ಅಕ್ಕತಂಗಿಯರು ಮತ್ತೆ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದಾರೆ. ಮೊದಲು ಬಾಯಿಬಿಟ್ಟವರು ಯಾರೆಂದು ಎಲ್ಲರೂ ಗುಟ್ಟಾಗಿ ಬಂದು ಕೇಳುವುದು ನನ್ನನ್ನೇ. ಯಂತ್ರ ನಿಲ್ಲಿಸಿ, ಅವರಿಬ್ಬರ ಪಕ್ಕದಲ್ಲೇ ನಿಂತಿದ್ದವಳು ನಾನೊಬ್ಬಳೇ ತಾನೇ? ಅಕ್ಕ ಬಂದು ಕೇಳಿದಳು, ತಂಗಿ ಬಂದು ಕೇಳಿದಳು, ಅವರ ತಾಯಿ ಛತ್ರಿ ಊರಿಕೊಂಡು ಬಂದು ಕೇಳಿದರು. ಮೊನ್ನೆ ಕಾಯಂ ಸಾರ್ ಕೂಡ ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಕೇಳಿದರು. ನನಗೆ ಗೊತ್ತು. ಸರಿಯಾಗಿಯೇ ಕೇಳಿಸಿದೆ. ಆದರೆ ನಾಳೆ ಬೆಳಿಗ್ಗೆ ನರ್ಸಿಂಗ್ ಹೋಮಿನ ಶೀಟುಗಳು ಹೋಗಬೇಕು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದುಬಿಟ್ಟೆ.